ಕರಾಟೆ ಕ್ಲಾಸಿನ ಬಾಗಿಲಲ್ಲಿ ಕಾಲು ನಡುಗಿದರೆ: ದೊಡ್ಡವರಾದ ಮೇಲೆ ಸೇರುವವರಿಗೆ ಹಂತ ಹಂತದ ಮಾರ್ಗದರ್ಶಿ

ನಾನು ಬಿಳಿ ಬೆಲ್ಟ್ ಕಟ್ಟಿದ್ದು 34ನೇ ವಯಸ್ಸಿನಲ್ಲಿ. ಈಗ ಸಂಜೆ ಬ್ಯಾಚಿನಲ್ಲಿ ಹೊಸಬರನ್ನು ಸಾಲಿಗೆ ನಿಲ್ಲಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಯಾರು ಎಲ್ಲಿ ಎಡವುತ್ತಾರೆ ಎಂಬುದು ಹಾಗಾಗಿ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಕೆಲವರು ಗೇಟಿನ ತನಕ ಬಂದು, ಸ್ಕೂಟರ್ ಆಫ್ ಮಾಡದೆ ಐದು ನಿಮಿಷ ನಿಂತು, ಹಾಗೇ ತಿರುಗಿಸಿಕೊಂಡು ಹೋಗುತ್ತಾರೆ. ಇನ್ನು ಕೆಲವರು ಮೊದಲ ದಿನ ಚೆನ್ನಾಗಿಯೇ ಮಾಡಿ ಮೂರನೆಯ ಕ್ಲಾಸಿಗೆ ನಾಪತ್ತೆ. ಆಮೇಲೆ ಎಲ್ಲಾದರೂ ತರಕಾರಿ ಅಂಗಡಿಯಲ್ಲಿ ಸಿಕ್ಕರೆ ಎಲ್ಲರದ್ದೂ ಒಂದೇ ಮಾತು: "ಸ್ವಲ್ಪ ಫಿಟ್ ಆಗಿ ಬರ್ತೀನಿ ಸರ್, ಧೈರ್ಯ ಬರ್ಲಿ."

ಎಡವಟ್ಟು ಇರುವುದು ಈ ಲೆಕ್ಕದಲ್ಲೇ. ಧೈರ್ಯ ಮೊದಲು, ಕ್ಲಾಸು ಆಮೇಲೆ ಎಂದು ಕೂತವರು ಬರುವುದೇ ಇಲ್ಲ. ಹೊಸಬರ ಅಳುಕಿನಲ್ಲಿ ಏಟಿನ ಭಯದ ಪಾಲು ಕಡಿಮೆ. ಎಲ್ಲಿ ನಿಲ್ಲಬೇಕು, ಯಾವಾಗ ಬಗ್ಗಬೇಕು, ಬೆಲ್ಟ್ ಬಿಚ್ಚಿಹೋದರೆ ಏನು ಮಾಡಬೇಕು, ಅಷ್ಟು ಮಕ್ಕಳ ಮುಂದೆ ನಗೆಪಾಟಲಾದರೆ ಹೇಗೆ ಎಂಬ ಚಿಲ್ಲರೆ ಗೊತ್ತಿಲ್ಲಗಳೇ ಜಾಸ್ತಿ. ಅವನ್ನು ಒಂದೊಂದಾಗಿ ತೆಗೆದುಹಾಕಬಹುದು. ಯಾವುದನ್ನು ಮೊದಲು ತೆಗೆಯಬೇಕು ಎಂಬುದಷ್ಟೇ ಮುಖ್ಯ.

ಇಲ್ಲಿರುವುದೆಲ್ಲ ಕರಾಟೆಯ ಮಾತು. ಟೇಕ್ವಾಂಡೊಗೆ ಹೋಗುವವರಿಗೆ ಹೆಸರುಗಳು ಬೇರೆ, ದಾರಿ ಇದೇ. ಜೂಡೊ ಆದರೆ ಬೀಳುವುದನ್ನು ಕಲಿಯುವ ಹಂತ ಒಂದು ಹೆಚ್ಚು.

## ಬೇಕಾಗುವ ಸಾಮಾನು

ಮೊದಲ ತಿಂಗಳಿಗೆ ದುಡ್ಡು ಸುರಿಯಬೇಡಿ. ತೋಳಿರುವ ಟೀ ಶರ್ಟ್, ಜಿಪ್ ಇಲ್ಲದ ಟ್ರ್ಯಾಕ್ ಪ್ಯಾಂಟ್, ನೀರಿನ ಬಾಟಲಿ, ಚಿಕ್ಕ ಟವೆಲ್, ನೇಲ್ ಕಟರ್, ಔಷಧಿ ಅಂಗಡಿಯಲ್ಲಿ ಸಿಗುವ ಬಿಳಿ ಮೆಡಿಕಲ್ ಟೇಪ್. ಇಷ್ಟು ಸಾಕು. ಕೈ ಮತ್ತು ಕಾಲು ಎರಡರ ಉಗುರನ್ನೂ ಹಿಂದಿನ ರಾತ್ರಿಯೇ ಕತ್ತರಿಸಿ. ಬೇರೆಯವರ ಮುಂಗೈ ಗೀರುವುದು ಮುಷ್ಟಿಗಿಂತ ಹೆಚ್ಚಾಗಿ ಉಗುರೇ.

ಉಂಗುರ, ಬಳೆ, ಓಲೆ ಮನೆಯಲ್ಲೇ ಇರಲಿ. ಕಾಲುಂಗುರ ತೆಗೆಯಲು ಮನಸ್ಸಿಲ್ಲದವರು ಬೆರಳಿಗೆ ಎರಡು ಸುತ್ತು ಟೇಪ್ ಹಾಕಿಕೊಂಡರೆ ಮೊದಮೊದಲು ನಡೆಯುತ್ತದೆ. ಕತ್ತಿನ ಸರ ಮಾತ್ರ ಜೋಡಿ ಅಭ್ಯಾಸದ ದಿನ ಇರಲೇಬಾರದು. ಬೆರಳು ಸಿಕ್ಕಿಕೊಂಡರೆ ಕತ್ತಿಗೂ ಕೆಡುಕು, ಎದುರಿನವರ ಬೆರಳಿಗೂ ಕೆಡುಕು. ಹಿಮ್ಮಡಿ ಒಡೆದಿದೆ, ಬರಿಗಾಲಲ್ಲಿ ಹೇಗೆ ನಿಲ್ಲಲಿ ಎಂದು ನಾಚಿಕೊಂಡವರನ್ನೂ ಕಂಡಿದ್ದೇನೆ. ಅಲ್ಲಿ ಎಲ್ಲರ ಹಿಮ್ಮಡಿಯೂ ಹಾಗೇ ಇರುತ್ತದೆ.

ಬಿಳಿ ಡ್ರೆಸ್ಸನ್ನು ಒಂದು ತಿಂಗಳು ಬಿಟ್ಟು ಕೊಳ್ಳಿ. ಅದರ ಅಳತೆ ನಿಮ್ಮ ಎತ್ತರದ ಸೆಂಟಿಮೀಟರ್ ಲೆಕ್ಕದಲ್ಲಿ ಬರುತ್ತದೆ. ಹತ್ತಿ ಬಟ್ಟೆಯದಾದರೆ ಒಗೆದ ಮೇಲೆ ಕುಗ್ಗುವುದರಿಂದ ಒಂದು ಸೈಜ್ ದೊಡ್ಡದು ತೊಗೊಳ್ಳಿ. ಹೊಸ ಡ್ರೆಸ್ ಗಂಜಿ ಹಾಕಿದಂತೆ ಸೆಟೆದಿರುತ್ತದೆ. ತಣ್ಣೀರಲ್ಲಿ ನೆನೆಸಿ ಒಮ್ಮೆ ಒಣಗಿಸಿದ ಮೇಲೆ ಹಾಕಿ. ಹೆಣ್ಣುಮಕ್ಕಳು ಬಾಯಿಬಿಟ್ಟು ಕೇಳದ ಒಂದು ಚಿಂತೆ ಇದೆ: ತಿಂಗಳ ದಿನಗಳಲ್ಲಿ ಬಿಳಿ ಪ್ಯಾಂಟು. ಒಳಗೆ ಗಾಢ ಬಣ್ಣದ ಸೈಕ್ಲಿಂಗ್ ಶಾರ್ಟ್ಸ್ ಹಾಕಿಕೊಳ್ಳುವುದು ಎಲ್ಲ ಕಡೆ ರೂಢಿ. ಕಪ್ಪು ಟ್ರ್ಯಾಕ್ ಪ್ಯಾಂಟಿನಲ್ಲಿ ಬರುತ್ತೇನೆ ಎಂದರೆ ಬೇಡವೆನ್ನುವ ಮಾಸ್ಟರ್ ಇದ್ದರೆ ಆ ಕ್ಲಾಸಿನ ಬಗ್ಗೆಯೇ ಇನ್ನೊಮ್ಮೆ ಯೋಚಿಸಿ.

## ಹಂತ 1: ಸೇರುವ ಮೊದಲು ಒಂದು ದಿನ ಸುಮ್ಮನೆ ಕೂತು ನೋಡಿ

ಶಾಲೆಯ ಅಂಗಳವೋ ಕಲ್ಯಾಣ ಮಂಟಪದ ಮೇಲ್ಮಹಡಿಯೋ ಅಪಾರ್ಟ್‌ಮೆಂಟಿನ ಹಾಲೋ, ಎಲ್ಲಿ ನಡೆದರೂ ಸರಿ, ಪೂರ್ತಿ ಒಂದು ಕ್ಲಾಸು ಚಪ್ಪಲಿ ಬಿಡುವ ಜಾಗದಲ್ಲಿ ಕೂತು ನೋಡಿ. ಫೀಸು ಕಟ್ಟಬೇಡಿ. ಫೋನು ಜೇಬಿನಲ್ಲಿರಲಿ.

ನೋಡಬೇಕಾದ್ದು ಹೈ ಕಿಕ್ ಹೊಡೆಯುವ ಕಂದು ಬೆಲ್ಟಿನವರನ್ನಲ್ಲ. ಸಾಲಿನ ಕೊನೆಯಲ್ಲಿ ನಿಂತ ಅತಿ ಹೊಸಬರನ್ನು ಹುಡುಕಿ. ಅವರು ತಪ್ಪು ಮಾಡಿದಾಗ ಮಾಸ್ಟರ್ ಏನು ಮಾಡುತ್ತಾರೆ? ಹತ್ತಿರ ಹೋಗಿ ಮೊಣಕೈ ತಿದ್ದುತ್ತಾರೋ, ದೂರದಿಂದ ಕೂಗಿ ಎಲ್ಲರನ್ನೂ ನಗಿಸುತ್ತಾರೋ? ಇದೊಂದನ್ನು ನೋಡಿದರೆ ಅರ್ಧ ತೀರ್ಮಾನ ಆಯಿತು.

ಕ್ಲಾಸು ಮುಗಿದ ಮೇಲೆ ನಾಲ್ಕು ಪ್ರಶ್ನೆ ಕೇಳಿ. ಯಾವ ಶೈಲಿ? ಹೊಸಬರಿಗೆ ಫೈಟ್ ಯಾವಾಗಿಂದ? ನನ್ನ ವಯಸ್ಸಿನವರು ಬೇರೆ ಯಾರಾದರೂ ಇದ್ದಾರೆಯೇ? ಫೀಸು ತಿಂಗಳ ಲೆಕ್ಕದಲ್ಲಿ ಕೊಡಬಹುದೇ?

ಶೈಲಿ ಕೇಳುವುದು ಶಾಸ್ತ್ರಕ್ಕಲ್ಲ. ಶೋಟೋಕಾನ್, ಗೋಜು ರ್ಯು, ಶಿಟೋ ರ್ಯು, ವಾಡೋ ರ್ಯು ಕಲಿಸುವ ಹೆಚ್ಚಿನ ಕಡೆ ಹೊಸಬರಿಗೆ ಪಂಚನ್ನು ಮೈಗೆ ತಾಗುವ ಮೊದಲೇ ನಿಲ್ಲಿಸಲು ಕಲಿಸುತ್ತಾರೆ. ಕ್ಯೋಕುಶಿನ್ ಫುಲ್ ಕಾಂಟ್ಯಾಕ್ಟ್. ಮುಖಕ್ಕೆ ಮುಷ್ಟಿ ಹಾಕುವಂತಿಲ್ಲ, ಆದರೆ ಎದೆ, ಹೊಟ್ಟೆ, ತೊಡೆಗೆ ನಿಜವಾದ ಏಟೇ ಬೀಳುತ್ತದೆ. ಅದು ಕೆಟ್ಟದ್ದೆಂದು ಹೇಳುತ್ತಿಲ್ಲ. ಗೊತ್ತಿಲ್ಲದೆ ಹೋಗಿ ನಿಲ್ಲುವುದು ಬೇಡ, ಅಷ್ಟೇ.

ಇಲ್ಲೇ ಹಿಂದೆ ಸರಿಯಬೇಕಾದ ಸೂಚನೆಗಳು: ಒಂದು ವರ್ಷಕ್ಕೆ ಬ್ಲ್ಯಾಕ್ ಬೆಲ್ಟ್ ಕೊಡಿಸುವ ಮಾತು, ವರ್ಷದ ಫೀಸು ಒಟ್ಟಿಗೆ ಎಂಬ ಒತ್ತಾಯ, ವಾರ್ಮ್ ಅಪ್ ಇಲ್ಲದೆ ನೇರ ಕಿಕ್ಕು, ಮೊದಲ ವಾರವೇ "ಭಯ ಬಿಡಿಸಲು" ಫೈಟಿಗೆ ನಿಲ್ಲಿಸುವುದು.

## ಹಂತ 2: ಮನೆಯಲ್ಲಿ ಒಂದು ವಾರ

ಈ ವಾರ ಓಡುವುದು, ದಂಡ ಹೊಡೆಯುವುದು, ತೂಕ ಇಳಿಸುವುದು ಯಾವುದೂ ಬೇಡ. ಫೈಟ್ ವಿಡಿಯೋಗಳನ್ನು ನೋಡಬೇಡಿ. ನೋಡಿದಷ್ಟೂ ಹೊಟ್ಟೆ ತೊಳೆಸುತ್ತದೆ. ದಿನಕ್ಕೆ ಹದಿನೈದು ನಿಮಿಷ ಇಷ್ಟು ಮಾಡಿ.

ಎಣಿಕೆ. ಇಚಿ, ನಿ, ಸಾನ್, ಶಿ, ಗೋ, ರೋಕು, ಶಿಚಿ, ಹಾಚಿ, ಕು, ಜು. ಒಂದರಿಂದ ಹತ್ತು. ಪಾತ್ರೆ ತೊಳೆಯುವಾಗ, ಮೆಟ್ಟಿಲು ಹತ್ತುವಾಗ ಜೋರಾಗಿ ಹೇಳಿಕೊಳ್ಳಿ. ಜೊತೆಗೆ ಐದು ಪದ: ರೇ ಎಂದರೆ ಬಗ್ಗಿ ವಂದಿಸು, ಯೋಯಿ ಎಂದರೆ ಸಿದ್ಧನಾಗು, ಹಾಜಿಮೆ ಶುರು, ಯಾಮೆ ನಿಲ್ಲಿಸು, ಮವಾತ್ತೆ ತಿರುಗು.

ಬೆಲ್ಟ್. ಬೆಲ್ಟ್ ಇಲ್ಲದಿದ್ದರೆ ವೇಲ್ ಆದೀತು. ನಡುಭಾಗವನ್ನು ಹೊಕ್ಕುಳ ಮೇಲಿಡಿ. ಎರಡೂ ತುದಿಯನ್ನು ಬೆನ್ನ ಹಿಂದೆ ಅದಲುಬದಲು ಮಾಡಿ ಮುಂದಕ್ಕೆ ತನ್ನಿ. ಎಡಗಡೆಯ ತುದಿಯನ್ನು ಬಲಗಡೆಯದರ ಮೇಲಿಟ್ಟು, ಎರಡೂ ಸುತ್ತಿನ ಅಡಿಯಿಂದ ತೂರಿಸಿ ಮೇಲಕ್ಕೆಳೆಯಿರಿ. ಮೇಲೆ ಬಂದ ತುದಿಯನ್ನು ಕೆಳಗಿನದರ ಮೇಲೆ ಮಡಚಿ, ಒಳಗೆ ತೂರಿಸಿ ಬಿಗಿಯಿರಿ. ತುದಿಗಳು ಎಡಕ್ಕೂ ಬಲಕ್ಕೂ ಮಲಗಿದರೆ ಗಂಟು ಸರಿ. ಒಂದು ಆಕಾಶಕ್ಕೆ ಒಂದು ನೆಲಕ್ಕೆ ಮುಖ ಮಾಡಿದರೆ ತಪ್ಪು ಗಂಟು, ವಾರ್ಮ್ ಅಪ್ ಮುಗಿಯುವ ಮೊದಲೇ ಬಿಚ್ಚುತ್ತದೆ. ಇಪ್ಪತ್ತು ಸಲ ಕಟ್ಟಿ ಬಿಚ್ಚಿ. ಕ್ಲಾಸಿನ ನಡುವೆ ಬಿಚ್ಚಿಹೋದರೂ ಗಾಬರಿ ಬೇಡ: ಪಕ್ಕಕ್ಕೆ ಸರಿದು, ಮಾಸ್ಟರಿಗೆ ಬೆನ್ನು ಮಾಡಿ, ಕಟ್ಟಿಕೊಂಡು ಮತ್ತೆ ತಿರುಗುವುದು ಪದ್ಧತಿ. ಬೆನ್ನು ಹಾಕಿದರೆ ಅಗೌರವವಲ್ಲವೇ ಎಂದು ಅಂಜಿ, ಬಿಚ್ಚಿದ ಬೆಲ್ಟನ್ನು ಒಂದು ಕೈಯಲ್ಲಿ ಹಿಡಿದೇ ಹತ್ತು ನಿಮಿಷ ಪಂಚ್ ಮಾಡಿದವರಿದ್ದಾರೆ.

ಮುಷ್ಟಿ. ನಾಲ್ಕು ಬೆರಳು ತುದಿಯಿಂದ ಸುರುಳಿ ಸುತ್ತಿದಂತೆ ಮಡಚಿ, ಹೆಬ್ಬೆರಳು ಹೊರಗಿಂದ ತೋರುಬೆರಳು ಮತ್ತು ನಡುಬೆರಳಿನ ಮೇಲೆ ಅಡ್ಡ ಬರಲಿ. ಹೆಬ್ಬೆರಳು ಒಳಗೆ ಸೇರಿಸಿಕೊಳ್ಳುವುದು ಹೊಸಬರ ಅಭ್ಯಾಸ; ಯಾವುದಕ್ಕಾದರೂ ತಾಗಿದ ದಿನ ಮುರಿಯುವುದು ಅದೇ.

ಮಂಡಿಯೂರಿ ಕೂರುವುದು. ಕ್ಲಾಸಿನ ಮೊದಲಿಗೂ ಕೊನೆಗೂ ಕೂರಬೇಕಾಗುತ್ತದೆ. ದಿಂಬಿನ ಮೇಲೆ ಒಂದು ನಿಮಿಷದಿಂದ ಶುರು ಮಾಡಿ. ಮಂಡಿ ಆಪರೇಷನ್ ಆಗಿದ್ದರೆ ಅಥವಾ ಸವೆತ ಇದ್ದರೆ ಚಕ್ಕಂಬಕ್ಕಲ ಹಾಕಿ ಕೂರುತ್ತೇನೆ ಎಂದು ಮೊದಲೇ ಹೇಳಿಬಿಡಿ. ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ.

## ಹಂತ 3: ಮೊದಲ ದಿನ

ಸಂಜೆ ಆರಕ್ಕೆ ಕ್ಲಾಸಾದರೆ ಮಧ್ಯಾಹ್ನದ ಊಟ ಎರಡರೊಳಗೆ ಮುಗಿಯಲಿ. ಐದರ ಹೊತ್ತಿಗೆ ಒಂದು ಬಾಳೆಹಣ್ಣು. ಬರೀ ಹೊಟ್ಟೆಯಲ್ಲಿ ಬಂದರೆ ನಡುಕ ಭಯದ್ದೋ ಹಸಿವಿನದ್ದೋ ತಿಳಿಯುವುದಿಲ್ಲ. ಸ್ಟ್ರಾಂಗ್ ಕಾಫಿ ಆ ದಿನ ಬೇಡ. ಮೊದಲೇ ಹೊಡೆದುಕೊಳ್ಳುವ ಎದೆಗೆ ಇನ್ನಷ್ಟು ಡೋಲು ಸಿಕ್ಕಂತೆ.

ಹದಿನೈದು ನಿಮಿಷ ಮೊದಲೇ ಹೋಗಿ. ತಡವಾಗಿ, ಸಾಲು ನಿಂತಾದ ಮೇಲೆ ಒಳಗೆ ಹೋಗುವುದು ಅಳುಕಿರುವವರಿಗೆ ಅತಿ ಕಷ್ಟದ ಕೆಲಸ. ಆ ಹದಿನೈದು ನಿಮಿಷದಲ್ಲಿ ಮಾಸ್ಟರ್ ಹತ್ತಿರ ಹೋಗಿ ಇಷ್ಟು ಹೇಳಿ: "ಸರ್, ಇವತ್ತೇ ಮೊದಲ ದಿನ. ಸ್ವಲ್ಪ ಗಾಬರಿ ಇದೆ. ನಡುವೆ ಕೂತ್ಕೊಬೇಕು ಅನ್ನಿಸಿದ್ರೆ ಕೂತ್ಕೋತೀನಿ." ಉಬ್ಬಸ, ಬಿಪಿ, ಹಳೆಯ ಭುಜದ ಪೆಟ್ಟು ಇದ್ದರೆ ಅದನ್ನೂ ಹೇಳಿ. ಇನ್‌ಹೇಲರ್ ಇದ್ದರೆ ಬ್ಯಾಗಿನೊಳಗೆ ಬೇಡ, ಗೋಡೆ ಪಕ್ಕ ಕೈಗೆ ಸಿಗುವ ಹಾಗಿಡಿ.

ಇನ್ನು, ಎಲ್ಲಿ ನಿಲ್ಲಬೇಕು? ಎಲ್ಲರೂ ಮಾಡುವ ತಪ್ಪು, ನಾನೂ ಮಾಡಿದ್ದು: ಕಟ್ಟಕಡೆಯ ಸಾಲಿನ ಮೂಲೆ. ಯಾರಿಗೂ ಕಾಣಬಾರದು ಎಂದು ಹೋಗಿ ಗೋಡೆಗಂಟಿ ನಿಂತೆ. ಮುಂದಿನವರ ಬೆನ್ನು ನೋಡಿ ನಕಲು ಮಾಡುತ್ತಾ ಐದು ಹೆಜ್ಜೆ ಹೋಗುವುದರೊಳಗೆ "ಮವಾತ್ತೆ" ಎಂಬ ಕೂಗು ಬಿತ್ತು. ಇಡೀ ಕ್ಲಾಸು ಹಿಂದಕ್ಕೆ ತಿರುಗಿತು. ಕಣ್ಣು ಬಿಟ್ಟು ನೋಡಿದರೆ ನನ್ನ ಮುಂದೆ ಬರೀ ಗೋಡೆ, ಬೆನ್ನ ಹಿಂದೆ ಮೂವತ್ತು ಜನ. ಈಗ ನಾನೇ ಮುಂದಿನ ಸಾಲು! ಎಡಗಾಲಿಗೆ ಎಡಗೈಯೋ ಬಲಗೈಯೋ ಎಂದು ಕೂಡ ನೆನಪಾಗಲಿಲ್ಲ. ಹಾಗಾಗಿ ಸಾಲು ಹಿರಿತನದ ಪ್ರಕಾರ ನಿಂತು ಮುಗಿದು, ಜಾಗ ಹಂಚಿಕೊಳ್ಳುವಾಗ, ನಡುವಿನ ಸಾಲು ಕೇಳಿ. ಮುಂದೆಯೂ ಒಬ್ಬರು, ಹಿಂದೆಯೂ ಒಬ್ಬರು, ಯಾವ ಕಡೆ ತಿರುಗಿದರೂ ನೋಡಿ ಮಾಡಲು ಒಂದು ಬೆನ್ನು ಇರಬೇಕು.

ಮಕ್ಕಳು ನಗುತ್ತಾರೆ ಎಂಬ ಭಯಕ್ಕೆ ಒಂದು ಮಾತು. ಮೊದಲ ದಿನ ಒಂದಿಬ್ಬರು ನಗಬಹುದು. ಎರಡನೆಯ ದಿನ ಅವರಿಗೆ ನೀವು ಹಳಬರು.

## ಹಂತ 4: ನಡುಕ ಹತ್ತಿದಾಗ

ಬಾಯಿ ಒಣಗುವುದು, ಕೈ ನಡುಗುವುದು, ಎದೆ ಡವಗುಟ್ಟುವುದು, ಮಾಸ್ಟರ್ ಹೇಳಿದ್ದು ದೂರದಿಂದ ಕೇಳಿದಂತಾಗುವುದು. ಇದೆಲ್ಲ ಅಡ್ರಿನಲಿನ್ ಕೆಲಸ. ತಡೆಯಲು ಹೋದರೆ ಜಾಸ್ತಿಯಾಗುತ್ತದೆ. ಮೈ ಬಿಸಿಯಾಗಿ ಕೈಕಾಲು ಆಡತೊಡಗಿದ ಮೇಲೆ ಹೆಚ್ಚಿನವರಿಗೆ ತಾನಾಗಿ ಇಳಿಯುತ್ತದೆ. ಮಾಡಬೇಕಾದ ಕೆಲಸ ಒಂದೇ, ಉಸಿರು ಬಿಡುವುದು.

"ದೀರ್ಘವಾಗಿ ಉಸಿರು ಎಳೆದುಕೊಳ್ಳಿ" ಎಂದು ಎಲ್ಲರೂ ಹೇಳುತ್ತಾರೆ. ಅಳುಕಿದವರು ಮೊದಲೇ ಎಳೆದುಕೊಂಡು ಹಿಡಿದಿರುತ್ತಾರೆ. ನನಗೆ ಇದನ್ನು ತೋರಿಸಿಕೊಟ್ಟವಳು ಏಳನೇ ಕ್ಲಾಸಿನ ಹುಡುಗಿ, ಕಂದು ಬೆಲ್ಟ್. ಎರಡನೆಯ ವಾರ ನನಗೆ ಜೋಡಿಯಾಗಿ ಸಿಕ್ಕಿದ್ದಳು. ನಾಲ್ಕು ಪಂಚಿಗೇ ನನ್ನ ಮುಖ ಕೆಂಪಗಾಗಿತ್ತು. ಅವಳು ಕೈ ಇಳಿಸಿ, ನನ್ನ ಭುಜವನ್ನೇ ನೋಡುತ್ತಾ, "ಅಂಕಲ್, ನೀವು ಉಸಿರೇ ಬಿಡ್ತಿಲ್ಲ" ಅಂದಳು. ನಿಜ. ಭುಜ ಎರಡೂ ಕಿವಿಯ ಹತ್ತಿರ ಬಂದು ಕೂತಿದ್ದವು.

ಮಾಡುವ ಬಗೆ: ಮುಷ್ಟಿ ಬಿಚ್ಚಿ. ತುಟಿ ಸಣ್ಣಗೆ ಮಾಡಿ, ಬಿಸಿ ಕಾಫಿ ಊದಿದಂತೆ ಆರು ಎಣಿಕೆ ಉಸಿರು ಬಿಡಿ. ಮೂಗಿನಿಂದ ಮೂರೋ ನಾಲ್ಕೋ ಎಣಿಕೆ ಎಳೆದುಕೊಳ್ಳಿ. ಐದು ಸಲ. ಬಿಡುವುದು ಎಳೆಯುವುದಕ್ಕಿಂತ ಉದ್ದ ಇರುವುದೇ ಇದರ ಗುಟ್ಟು. ಎದೆಬಡಿತ ಇಳಿಯುವುದು ಬಿಡುವಾಗ. ತುಟಿ, ಬೆರಳ ತುದಿ ಜುಮುಜುಮು ಎಂದರೆ ತೀರಾ ವೇಗವಾಗಿ ಉಸಿರಾಡುತ್ತಿದ್ದೀರಿ ಎಂದು ತಿಳಿದು ಇನ್ನೂ ನಿಧಾನ ಮಾಡಿ.

ಕಿಯಾಯ್ ಎಂಬ ಕೂಗಿನ ಒಂದು ಉಪಯೋಗವೂ ಇದೇ. ಕೂಗಿದರೆ ಉಸಿರು ಹೊರಗೆ ಬರಲೇಬೇಕು. ಹೊಸಬರು ನಾಚಿಕೊಂಡು ತುಟಿ ಮಾತ್ರ ಆಡಿಸುತ್ತಾರೆ. ಜೋರು ಬೇಡ, ಹೊಟ್ಟೆಯಿಂದ "ಹ್ಹ" ಎಂದರೂ ಸಾಕು, ಆದರೆ ಸದ್ದು ಬರಬೇಕು. ಮೊದಲ ಸಲ ನನ್ನ ಕೂಗು ಆಕಳಿಕೆಯ ಹಾಗಿತ್ತು.

## ಹಂತ 5: ಮೂರನೆಯ ಕ್ಲಾಸಿಗೆ ಬರುವುದು

ಜನ ಬಿಟ್ಟು ಹೋಗುವುದು ಇಲ್ಲಿ. ಒಂದು ದಿನದಿಂದ ಮೂರು ದಿನದ ತನಕ ತೊಡೆ, ಮೀನಖಂಡ, ಪಕ್ಕೆ ಎಲ್ಲ ಹಿಡಿದುಕೊಳ್ಳುತ್ತದೆ. ಮೆಟ್ಟಿಲು ಇಳಿಯಲು ಗೋಡೆ ಬೇಕು. ಮನಸ್ಸು ಆ ನೋವನ್ನೇ ನೆಪ ಮಾಡಿಕೊಂಡು "ಇದು ನಮ್ಮಂಥವರಿಗಲ್ಲ" ಎನ್ನುತ್ತದೆ.

ಒಂದು ನಿಯಮ ಇಟ್ಟುಕೊಳ್ಳಿ: ಮೊದಲ ಎಂಟು ಕ್ಲಾಸಿಗೆ ಹಾಜರಿ ಮಾತ್ರ ಲೆಕ್ಕ, ಎಷ್ಟು ಮಾಡಿದೆ ಎಂಬುದು ಲೆಕ್ಕಕ್ಕಿಲ್ಲ. ನೋವಿದ್ದರೆ ವಾರ್ಮ್ ಅಪ್ ಮಾಡಿ ಉಳಿದದ್ದನ್ನು ಕೂತು ನೋಡಿ. ಎರಡೂ ಕಾಲಲ್ಲಿ ಸಮವಾಗಿ ಹರಡಿದ ನೋವು ಸ್ನಾಯುವಿನದ್ದು, ತಾನೇ ಹೋಗುತ್ತದೆ. ಒಂದೇ ಕೀಲಿನಲ್ಲಿ ಚುಚ್ಚುವ ನೋವು, ಊತ, "ಟಕ್" ಎಂದ ಸದ್ದು, ಮಂಡಿ ಲಾಕ್ ಆಗುವುದು ಬೇರೆ ಜಾತಿ. ಅದಕ್ಕೆ ಮೂಳೆ ಡಾಕ್ಟರು.

## ಹಂತ 6: ಜೋಡಿ ಅಭ್ಯಾಸ

ಎದುರಿನವರ ಮುಷ್ಟಿ ಮುಖದ ಕಡೆ ಬರುವಾಗ ಕಣ್ಣು ಮುಚ್ಚಿಹೋಗುತ್ತದೆ. ಅದು ಪುಕ್ಕಲುತನ ಅಲ್ಲ, ರೆಪ್ಪೆಯ ಸ್ವಭಾವ. ಅದನ್ನು ಪಳಗಿಸಲು ದೂರದಿಂದ ಶುರು ಮಾಡಬೇಕು.

ಜೋಡಿಯವರು ಕೈ ಪೂರ್ತಿ ಚಾಚಿದರೂ ನಿಮ್ಮ ಮೂಗಿಗೆ ಒಂದು ಗೇಣು ಉಳಿಯುವಷ್ಟು ದೂರ ನಿಲ್ಲಿ. ಅವರು ನಿಧಾನವಾಗಿ ಹತ್ತು ಪಂಚ್ ಮಾಡಲಿ. ನೀವು ಬ್ಲಾಕ್ ಮಾಡಬೇಡಿ, ಸರಿಯಬೇಡಿ, ಅವರ ಕೊರಳ ಹಳ್ಳದ ಕಡೆ ನೋಡುತ್ತಾ ಉಸಿರು ಬಿಡಿ. ಮುಷ್ಟಿಯನ್ನೇ ದಿಟ್ಟಿಸಿದರೆ ರೆಪ್ಪೆ ಬಡಿಯುತ್ತದೆ. ಎದೆಯ ಮೇಲ್ಭಾಗ ನೋಡಿದರೆ ಕೈಕಾಲು ಎರಡೂ ಕಣ್ಣಂಚಿಗೆ ಸಿಗುತ್ತವೆ. ಹತ್ತರಲ್ಲಿ ಎಂಟಕ್ಕೆ ಕಣ್ಣು ತೆರೆದಿದ್ದರೆ ನಾಲ್ಕು ಬೆರಳಿನಷ್ಟು ಹತ್ತಿರಕ್ಕೆ ಬನ್ನಿ. ವೇಗ ಆಮೇಲೆ. ದೂರ ಮತ್ತು ವೇಗ ಎರಡನ್ನೂ ಒಂದೇ ದಿನ ಬದಲಾಯಿಸುವುದರಿಂದಲೇ ಇದು ಕೆಡುತ್ತದೆ.

ಕನ್ನಡಕದವರು ಇಲ್ಲಿ ಅದನ್ನು ತೆಗೆಯಬೇಕು, ತೆಗೆದದ್ದನ್ನು ಜೋಡಿಯವರಿಗೆ ಹೇಳಬೇಕು. ಗಂಡಸರ ಜೊತೆ ಜೋಡಿ ಮುಜುಗರ ಅನ್ನಿಸುವ ಹೆಣ್ಣುಮಕ್ಕಳು "ಸರ್, ನಂಗೆ ಅಕ್ಕನ ಜೊತೆ ಹಾಕಿ" ಎಂದು ನೇರವಾಗಿ ಕೇಳಬಹುದು. ಜೋರಾಗಿ ಹೊಡೆಯುವವರಿಗೆ "ನಿಧಾನ" ಎಂದು ಎರಡು ಸಲ ಹೇಳಿ. ಮೂರನೆಯ ಸಲ ಹೇಳಬೇಕಾದ್ದು ಅವರಿಗಲ್ಲ, ಮಾಸ್ಟರಿಗೆ.

## ಹಂತ 7: ಮೊದಲ ಫೈಟ್

ಪಂಚ್, ಬ್ಲಾಕ್, ಹಿಂದೆ ಸರಿಯುವುದು, ಇಷ್ಟು ಯೋಚಿಸದೆ ಬರುವ ತನಕ ಇದಕ್ಕೆ ಕೈ ಹಾಕಬೇಡಿ. ಹಲ್ಲಿನ ಗಾರ್ಡ್, ಗ್ಲೌಸ್, ಮಂಡಿಯ ಕೆಳಗೆ ಕಟ್ಟುವ ಶಿನ್ ಗಾರ್ಡ್, ಗಂಡಸರಿಗೆ ಕೆಳಹೊಟ್ಟೆಯ ಗಾರ್ಡ್, ಹೆಂಗಸರಿಗೆ ಎದೆಯ ಗಾರ್ಡ್ ಸ್ವಂತದ್ದಿರಲಿ. ಹಲ್ಲಿನ ಗಾರ್ಡನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ ಕಚ್ಚಿ ಅಚ್ಚು ಹಾಕಿಕೊಳ್ಳಬೇಕು. ಅಚ್ಚು ಹಾಕಿಕೊಳ್ಳದೆ ಬಂದರೆ ಅದು ಉಸಿರಾಟಕ್ಕೇ ಅಡ್ಡ ಬಂದು, ಭಯ ಇಮ್ಮಡಿ. ಮನೆಯಲ್ಲಿ ಅದನ್ನು ಹಾಕಿಕೊಂಡು ಹತ್ತು ನಿಮಿಷ ಓಡಾಡಿ.

ಮೊದಲ ಜೋಡಿ ನಿಮ್ಮಂಥ ಹೊಸಬರು ಬೇಡ. ಹೊಸಬರಿಬ್ಬರು ಸೇರಿದರೆ ಇಬ್ಬರಿಗೂ ಕೈ ಹಿಡಿತದಲ್ಲಿರುವುದಿಲ್ಲ. ನಾನು ಕಂಡ ಮೂಗಿನ ರಕ್ತ ಹೆಚ್ಚಿನದ್ದು ಅಲ್ಲಿಂದಲೇ. ಹಳಬರನ್ನು ಕೇಳಿ. ಮೊದಲ ಸುತ್ತು ಒಂದು ನಿಮಿಷ, ನೀವು ಬ್ಲಾಕ್ ಮಾತ್ರ. ಎರಡನೆಯದು, ನೀವು ಪಂಚ್ ಮಾತ್ರ. ಮೂರನೆಯದರಲ್ಲಿ ಎರಡೂ. ಏಟು ತಾಗಿದರೆ ಬೆನ್ನು ತಿರುಗಿಸಬೇಡಿ. ಹಿಂದೆ ಎರಡು ಹೆಜ್ಜೆ ಇಟ್ಟು ಕೈ ಎತ್ತಿ, ಸುತ್ತು ನಿಲ್ಲುತ್ತದೆ.

ಅಳು ಬಂದರೆ? ಬರುತ್ತದೆ, ಗಂಡಸರಿಗೂ. ಟವೆಲ್ ತಂದಿರುವುದು ಅದಕ್ಕೂ ಆಗುತ್ತದೆ.

## ಹಂತ 8: ಎಲ್ಲರ ಮುಂದೆ ಒಬ್ಬರೇ ಕಟಾ ಮಾಡುವುದು

ಕಟಾ ಎಂದರೆ ಬ್ಲಾಕ್, ಪಂಚುಗಳನ್ನು ಗೊತ್ತಾದ ಕ್ರಮದಲ್ಲಿ ಒಬ್ಬರೇ ಮಾಡುವ ಸರಣಿ. ಶೋಟೋಕಾನ್‌ನಲ್ಲಿ ಶುರುವಿಗೆ ತೈಕ್ಯೋಕು ಶೋದಾನ್ ಅಥವಾ ಹೇಯಾನ್ ಶೋದಾನ್ ಕೊಡುತ್ತಾರೆ. ಮೊದಲನೆಯದರಲ್ಲಿ 20 ಚಲನೆ, ಇರುವುದು ಕೆಳಗಿನ ಬ್ಲಾಕ್ ಮತ್ತು ಪಂಚ್ ಎರಡೇ. ಹೇಯಾನ್ ಶೋದಾನ್‌ನಲ್ಲಿ 21. ಒಂಬತ್ತು ಮತ್ತು ಹದಿನೇಳನೆಯದಕ್ಕೆ ಕೂಗು. ಅಭ್ಯಾಸವನ್ನು ಯಾವಾಗಲೂ ಮೊದಲಿಂದ ಮಾಡಿದರೆ ಶುರು ಮಾತ್ರ ಗಟ್ಟಿಯಾಗಿ, ಕೊನೆ ಮರೆತುಹೋಗುತ್ತದೆ. ಕೊನೆಯ ನಾಲ್ಕು ಚಲನೆಯನ್ನು ಮೊದಲು ಕಲಿಯಿರಿ. ಮನೆಯಲ್ಲಿ ಬೇರೆ ಬೇರೆ ಗೋಡೆಗೆ ಮುಖ ಮಾಡಿ ಮಾಡಿ. ಒಂದೇ ಕಿಟಕಿಯನ್ನು ಗುರುತಿಟ್ಟುಕೊಂಡವರು ಪರೀಕ್ಷೆಯ ದಿನ ದಿಕ್ಕು ತಪ್ಪುತ್ತಾರೆ. ನಡುವೆ ಮರೆತರೆ ಮುಖ ಕಿವುಚಬೇಡಿ, "ಸಾರಿ" ಎನ್ನಬೇಡಿ. ಅಲ್ಲೇ ನಿಂತು ಒಂದು ಉಸಿರು ಬಿಟ್ಟು ಮುಂದುವರಿಸಿ.

## ನಿಲ್ಲಿಸಲೇಬೇಕಾದ ಸೂಚನೆಗಳು

ಎದೆನೋವು, ಕಣ್ಣು ಕತ್ತಲೆ ಬಂದು ಬೀಳುವಂತಾಗುವುದು, ಎಡತೋಳು ಅಥವಾ ದವಡೆಗೆ ಹರಿಯುವ ನೋವು ಬಂದರೆ ಅದನ್ನು ಭಯದ ಖಾತೆಗೆ ಹಾಕಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ತಲೆಗೆ ಏಟು ಬಿದ್ದು ತಲೆ ಸುತ್ತಿದರೆ, ನೆನಪು ಮಸುಕಾದರೆ ಆ ದಿನ ಮತ್ತೆ ಫೈಟಿಗೆ ಇಳಿಯುವಂತಿಲ್ಲ, ಡಾಕ್ಟರಿಗೆ ತೋರಿಸಿ. ವಾಂತಿ, ಏರುತ್ತಾ ಹೋಗುವ ತಲೆನೋವು, ಅತಿಯಾದ ಮಂಪರು ಇದ್ದರೆ ರಾತ್ರಿಯಾದರೂ ಕಾಯಬೇಡಿ.

ಒಂದೆರಡು ತಿಂಗಳಾದರೂ ಕ್ಲಾಸಿನ ಹಿಂದಿನ ರಾತ್ರಿ ನಿದ್ದೆ ಬರುತ್ತಿಲ್ಲ, ಜನರ ನಡುವೆ ನಿಲ್ಲುವುದೇ ಎಲ್ಲ ಕಡೆ ಕಷ್ಟವಾಗುತ್ತಿದೆ ಎಂದಾದರೆ ಅದು ಕರಾಟೆಯ ಅಳುಕಲ್ಲ. ಸರಕಾರದ ಟೆಲಿ ಮಾನಸ್ 14416 ಸಂಖ್ಯೆಗೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಮಾಸ್ಟರ್ ಕಡೆಯಿಂದ ಬರುವ ಸೂಚನೆಗಳೂ ಇವೆ. ಶಿಕ್ಷೆಯೆಂದು ಹೊಟ್ಟೆಗೆ ಗುದ್ದಿಸುವುದು, ನೀರು ಕುಡಿಯಲು ಬಿಡದಿರುವುದು, ತಿದ್ದುವ ನೆಪದಲ್ಲಿ ಬೇಡದ ಕಡೆ ಕೈ ಹಾಕುವುದು. ಇಲ್ಲಿ ಧೈರ್ಯ ತಂದುಕೊಂಡು ತಡೆದುಕೊಳ್ಳುವ ಪ್ರಶ್ನೆಯೇ ಇಲ್ಲ. ಬ್ಯಾಗು ತೊಗೊಂಡು ಹೊರಡಿ, ಮನೆಯಲ್ಲಿ ಹೇಳಿ.

## ನಡುವೆ ಬಿಟ್ಟವರು ವಾಪಸ್ ಬರುವುದು

ಮಗುವಿನ ಪರೀಕ್ಷೆ, ಊರ ಜಾತ್ರೆ, ಜ್ವರ. ಮೂರು ವಾರ ತಪ್ಪಿತೆಂದರೆ ಅಳುಕು ಮೊದಲ ದಿನಕ್ಕಿಂತ ಜಾಸ್ತಿ ಇರುತ್ತದೆ, ಯಾಕೆಂದರೆ ಈಗ ಮುಖ ಪರಿಚಯ ಇದೆ. ಗ್ರೂಪಿನಲ್ಲಿ ಉದ್ದದ ಕ್ಷಮಾಪಣೆ ಬರೆಯಬೇಡಿ. ಅದನ್ನು ಬರೆಯಲು ಕೂತು ಇನ್ನೂ ಎರಡು ವಾರ ಕಳೆದವರನ್ನು ನಾನು ಬಲ್ಲೆ. ವಾರದ ನಡುವಿನ ದಿನ, ಜನ ಕಡಿಮೆ ಇರುವ ಬ್ಯಾಚಿಗೆ, ಹದಿನೈದು ನಿಮಿಷ ಮೊದಲೇ ಬನ್ನಿ. "ಬಿಟ್ಟಿದ್ದೆ ಸರ್, ಬಂದೆ" ಎಂದರೆ ಮುಗಿಯಿತು. ಹಿಂದಿನ ದಿನವೇ ಬ್ಯಾಗಿನಿಂದ ಡ್ರೆಸ್ ತೆಗೆದು ಬಿಸಿಲಿಗೆ ಹಾಕಿರಿ. ಬೆವರಿನ ಜೊತೆ ಮಡಚಿಟ್ಟ ಬಿಳಿ ಬಟ್ಟೆಗೆ ಕಾಲರಿನ ಹತ್ತಿರ ಬೂಷ್ಟಿನ ಕಪ್ಪು ಚುಕ್ಕೆ ಕೂತರೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ.